ಪ್ರೇತಪರ ವಕೀಲರ ಕೊನೆಯ ಕೇಸು

ರೂಪಶ್ರೀ ಬರೆದು ಚಿತ್ರಿಸುತ್ತಿದ್ದ ‘ಪ್ರೇತಪರ ವಕೀಲರು’ ಕಾಮಿಕ್ಸಿನ ಏಳನೆಯ ಹಾಗೂ ಕೊನೆಯ ಪುಸ್ತಕ ಶುಕ್ರವಾರ ತುಮಕೂರಿನ ಪ್ರೆಸ್ಸಿನಿಂದ ಬಂತು. ಶನಿವಾರ ಬೆಳಿಗ್ಗೆ ಮೊದಲ ಪ್ರತಿ ಹಿಡಿದು ಅವಳು ಕುಣಿಗಲ್ ಬಸ್ಸು ಹತ್ತಿದಳು.

ಆ ಕಥೆಗಳಲ್ಲಿ ದೆವ್ವಗಳೇ ಕಕ್ಷಿದಾರರು. ಒಂದು ದೆವ್ವ ತನ್ನ ಹುಣಸೆಮರ ಕಡಿಯದಂತೆ ಸ್ಟೇ ತರುತ್ತದೆ. ಇನ್ನೊಂದು, ವಾಯಿದೆಗೆ ಅಲೆದು ಸಾಕಾಗಿ, ಮತ್ತೊಮ್ಮೆ ಸಾಯಲು ಅನುಮತಿ ಕೇಳುತ್ತದೆ. ಅವುಗಳ ಪರ ವಾದಿಸುವ ದಪ್ಪ ವಕೀಲರು ಕೋಪ ಬಂದಾಗ ಕನ್ನಡಕ ತೆಗೆದು ಕರಿಕೋಟಿನ ಅಂಚಿಗೆ ಒರೆಸುತ್ತಾರೆ. ಅದು ವೆಂಕಟರಂಗಯ್ಯನವರೇ ಎಂದು ತುಮಕೂರಿನ ವಕೀಲರಿಗೆಲ್ಲ ಗೊತ್ತಿತ್ತು. ಅವರ ಬಳಿ ರೂಪಶ್ರೀ ನಾಲ್ಕು ವರ್ಷ ಜೂನಿಯರ್ ಆಗಿದ್ದಳು. ಹಿಂದಿನ ಆರೂ ಪುಸ್ತಕ ಕುಣಿಗಲ್ಲಿನ ಅವರ ಮನೆಗೆ ಅಂಚೆಯಲ್ಲಿ ಕಳಿಸಿದ್ದಳು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಅವರಿಗೆ ಬೇಜಾರಾಗಿರಬೇಕು ಎಂದುಕೊಂಡಿದ್ದಳು.

ಬಾಗಿಲು ತೆರೆದವರು ಅವರ ಹೆಂಡತಿ ನೇತ್ರಾವತಿ.

“ಬಾಮ್ಮ. ಇವರಿಗೆ ಕಣ್ಣು ಮಂಜಾಗಿ ಮೂರು ವರ್ಷ ಆಯ್ತು. ನಿನ್ನ ಪುಸ್ತಕ ನಾನೇ ಓದಿ ಹೇಳ್ಬೇಕು. ದೆವ್ವದ ದನೀನೂ ನಾನೇ ಮಾಡ್ಬೇಕಂತೆ!”

“ಚೆನ್ನಾಗೇ ಮಾಡ್ತಾಳೆ,” ಎಂದರು ಒಳಗಿಂದ ವೆಂಕಟರಂಗಯ್ಯ. “ಉತ್ತರ ಬರೆಸೋಕೆ ನಂಗೇ ನಾಚಿಕೆ ಆಗ್ತಿತ್ತು ಕಣಮ್ಮ. ನನ್ನ ಹೊಗಳಿಕೆಗೆ ನಾನೇ ಏನಂತ ಬರೆಸ್ಲಿ?”

ನೇತ್ರಾವತಿ ಹೊಸ ಪುಸ್ತಕ ಓದತೊಡಗಿದರು. ಕೊನೆಯ ಕೇಸಿನಲ್ಲಿ ಒಂದು ಅಜ್ಜಿಯ ದೆವ್ವ ಕೋರ್ಟಿಗೆ ಬಂದು, “ನನ್ನ ಮನೆ ಕೇಸಿನ ತಾರೀಖು ಮರೆತವರು ಯಾರು?” ಎಂದು ಕೇಳುತ್ತದೆ. ವಕೀಲರು ಏಳುವ ಮೊದಲೇ ಅವರ ಜೂನಿಯರ್ ಎದ್ದು ನಿಂತು, “ನಾನು” ಅನ್ನುತ್ತಾಳೆ.

ಆ ಅಜ್ಜಿ ಯಾರೆಂದು ವೆಂಕಟರಂಗಯ್ಯನವರಿಗೆ ಗೊತ್ತಾಯಿತು. ಹದಿನಾಲ್ಕು ವರ್ಷದ ಹಿಂದೆ ಕಡಬದ ಚಿಕ್ಕಮಾರಮ್ಮನ ಕೇಸಿನ ತಾರೀಖನ್ನು ಡೈರಿಯಲ್ಲಿ ತಪ್ಪಾಗಿ ಬರೆದವಳು ರೂಪಶ್ರೀ. ಯಾರೂ ಹಾಜರಾಗದೆ ಕೇಸು ವಜಾ ಆಯಿತು. ಚಿಕ್ಕಮಾರಮ್ಮ ಕೋರ್ಟಿನ ಅಂಗಳದಲ್ಲಿ ಕೂಗಾಡಿದಾಗ, “ತಪ್ಪು ನಂದು,” ಎಂದು ಕೈಮುಗಿದವರು ವೆಂಕಟರಂಗಯ್ಯ. ಮತ್ತೆ ಅರ್ಜಿ ಹಾಕಿ, ಕೇಸು ಎಬ್ಬಿಸಿ, ಎರಡು ವರ್ಷ ಹೋರಾಡಿ ಮನೆ ಉಳಿಸಿಕೊಟ್ಟರು. ರೂಪಶ್ರೀಗೆ ಒಂದು ಮಾತೂ ಅನ್ನಲಿಲ್ಲ. ಮರುದಿನವೂ ಡೈರಿ ಅವಳ ಕೈಗೇ ಕೊಟ್ಟಿದ್ದರು.

“ಸಾರ್, ಅವತ್ತು ಥ್ಯಾಂಕ್ಸ್ ಹೇಳೋಕೆ ಬಾಯೇ ಬರ್ಲಿಲ್ಲ,” ಎಂದಳು ರೂಪಶ್ರೀ.

“ನನ್ನ ಸೀನಿಯರ್ರೂ ನಂಗೆ ಹಿಂಗೇ ಮಾಡಿದ್ರು. ನಾನು ಹೇಳೋಷ್ಟರಲ್ಲಿ ಅವರೇ ಹೋಗ್ಬಿಟ್ರು. ನೀನು ಬಂದು ಹೇಳಿದ್ಯಲ್ಲ, ಸಂತೋಷ.” ಆಮೇಲೆ ನಕ್ಕರು. “ಆದ್ರೆ ಚಿಕ್ಕಮಾರಮ್ಮ ಇನ್ನೂ ಗಟ್ಟಿಯಾಗವಳೆ ಕಣಮ್ಮ! ಅವಳಿಗೂ ಹೋಗಿ ಹೇಳು.”

ಅವಳು ತೀರಿಕೊಂಡಿರಬೇಕೆಂದೇ ರೂಪಶ್ರೀ ತಿಳಿದಿದ್ದಳು. ಭಾನುವಾರ ಗುಬ್ಬಿಗೆ ಹೋಗಿ, ಅಲ್ಲಿಂದ ಕಡಬದ ಬಸ್ಸು ಹಿಡಿದಳು. ಚಿಕ್ಕಮಾರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ರೂಪಶ್ರೀ ನಡೆದದ್ದನ್ನೆಲ್ಲ ಹೇಳಿ, ಚಿತ್ರ ತೋರಿಸಿ, ಕ್ಷಮೆ ಕೇಳಿದಳು.

ಮುದುಕಿ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

“ಬದುಕಿರೋಳ್ನೇ ದೆವ್ವ ಮಾಡಿದ್ಯೇನೇ?” ಎಂದು ಅವಳು ನಕ್ಕ ರಭಸಕ್ಕೆ ಮೊರ ಅಲುಗಿ ಕಾಳು ಚೆಲ್ಲಿದವು. “ತಪ್ಪು ಯಾರ್ದಾದ್ರೇನು ಬುಡು. ನಿಮ್ಮಿಬ್ಬರಿಂದ ಈ ಸೂರು ಉಳೀತು. ಒಳಿಕ್ ಬಾ, ಮುದ್ದೆ ಉಂಡ್ಕೊಂಡು ಹೋಗು.”

ರೂಪಶ್ರೀ ತಲೆ ಬಗ್ಗಿಸಿ ಆ ಮನೆಯ ಹೊಸ್ತಿಲು ದಾಟಿದಳು.