ಮೊಂಡು ಕೋಡಿನ ಮಣ್ಣೆತ್ತು

ಮಣ್ಣೆತ್ತಿನ ಅಮಾವಾಸ್ಯೆಗೆ ಮೇಲವಂಕಿಯ ಪರಪ್ಪನ ಮನೆಯಲ್ಲಿ ಮಣ್ಣಿನ ಜೋಡಿ ಎತ್ತು, ಮೇವಿನ ಗೋದಲಿ ಮಾಡುವ ಕೆಲಸ ಮಗಳು ಕಾಶೆವ್ವನದು. ಮುಂಜಾನೆಯೇ ಅವಳು ಹಸಿಮಣ್ಣು ಹಿಡಿದು ಕೊಟ್ಟಿಗೆಯಲ್ಲಿ ಮನೆಯ ಎತ್ತು ಕೆಂದನ ಎದುರು ಕುಳಿತಿದ್ದಳು. ಮೊದಲು ಕಣ್ಣು ತುಂಬ ನೋಡು, ಆಮೇಲೆ ಕೈ ಹಚ್ಚು ಎಂದು ಗೋಕಾಕದಿಂದ ಬರುವ ಮಾಸ್ತರರು ಹೇಳಿಕೊಟ್ಟಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಅವರು ನಾಲ್ಕಾರು ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು.

ಆ ಕಲಿಕೆಗೇ ನಿನ್ನೆ ಅಪ್ಪ ಕಲ್ಲು ಹಾಕಿದ್ದ. "ಓದು ಬರಹ ಕಲಿ, ಬ್ಯಾಡ ಅನ್ನಂಗಿಲ್ಲ. ಚಿತ್ರದ ಸಾಲಿ ಇನ್ನ ಬಂದ್. ಗೆರಿ ಕೊರದ ಯಾರ ಹೊಟ್ಟಿ ತುಂಬೇತಿ?"



ಪೂಜೆಗೆ ಮುಂಚೆ ಎತ್ತುಗಳನ್ನು ಪರಪ್ಪನ ತಾಯಿ, ಆಯಿ ಚನ್ನವ್ವನ ಕೈಗೆ ಕೊಡುವುದು ರೂಢಿ. ಕಣ್ಣಿಗೆ ಪೊರೆ ಬಂದು ಆಕೆ ಹೊರಗೆ, ಕೊಟ್ಟಿಗೆಗೆ ಕೂಡ, ಹೋಗುವುದನ್ನೇ ಬಿಟ್ಟಿದ್ದಳು. ಮಣ್ಣೆತ್ತುಗಳನ್ನು ಬೆರಳಿನಿಂದಲೇ ತಡವಿ, ಎಲ್ಲಿಯಾದರೂ ಬಿರುಕು ಸಿಕ್ಕರೆ ಹಿಚುಕಿ ಮತ್ತೆ ಮುದ್ದೆ ಮಾಡಿಬಿಡುತ್ತಿದ್ದಳು. ಒಂದೆತ್ತು ಪಾಸಾಯಿತು. ಎರಡನೆಯದರ ಮೇಲೆ ಬೆರಳು ನಿಂತಿತು.

"ಒಂದ ಕೋಡ ಮೊಂಡ ಆಗೇತಲ್ಲ! ದೇವರ ಮುಂದ ಊನದ ಎತ್ತ ಇಡತಾರೇನ, ಹುಚ್ಚಿ?"

"ಇದ್ದಂಗ ಮಾಡೇನಿ, ಆಯಿ."

"ಕೇಳಿದೇನಬೇ?" ಎಂದ ಪರಪ್ಪ. "ಚಿತ್ರದ ಸಾಲ್ಯಾಗ ಇದನ್ನ ಕಲ್ತಾಳ ನಿನ್ನ ಮೊಮ್ಮಗಳು."

ಚನ್ನವ್ವ ಹಿಚುಕಲೆಂದು ಮುಷ್ಟಿ ಬಿಗಿ ಮಾಡಿದಳು. ಹೆಬ್ಬೆರಳು ಎಡಗಿವಿಗೆ ತಾಗಿತು. ಕಿವಿಯ ತುದಿಯಲ್ಲಿ ಸೀಳು. ಮುಷ್ಟಿ ಸಡಿಲಾಯಿತು. ಬೆರಳು ಕೊರಳಡಿಯ ಗಂಗೆದೊಗಲಿನ ಮಡಿಕೆಗಳಲ್ಲಿ ಇಳಿದು, ಹೆಗಲ ಮೇಲಿನ ಡುಬ್ಬ ಹತ್ತಿ, ಬೆನ್ನಿನ ಮೇಲೆ ಮೆಲ್ಲಗೆ ಸಾಗಿತು. ವರ್ಷಗಳ ಹಿಂದೆ ತಾಯಿ ಸತ್ತ ಕರುವೊಂದಕ್ಕೆ ಹಾಲು ಕುಡಿಸಿದವಳು ಆಕೆಯೇ. ಅದರ ಕಿವಿಗೆ ನಾಯಿ ಕಚ್ಚಿದಾಗ ಅರಿಶಿನ ಮೆತ್ತಿದವಳೂ ಆಕೆಯೇ.

"ಇಂವ ನಮ್ಮ ಕೆಂದ," ಎಂದಳು. ಬೆರಳನ್ನು ಮತ್ತೆ ಮೊಂಡು ಕೋಡಿಗೆ ತಂದು, "ಕೋಡಿಗೇನಾತೋ ಪರಪ್ಪಾ?"

"ಹ್ವಾದ ವರ್ಷ ಬಂಡಿಗೆ ಬಡದ ಮುರೀತಬೇ."

"ಬೆನ್ನೂ ಕುಸದೇತಿ."

"ವಯಸ್ಸಾತಲ್ಲ."

"ನನಗ ಯಾರೂ ಹೇಳಲಿಲ್ಲ."

ಚನ್ನವ್ವ ತಡಕಾಡುತ್ತ ಎದ್ದು, ಮಣ್ಣಿನ ಕೆಂದನನ್ನು ತಾನೇ ದೇವರ ಜಗಲಿಯ ಮೇಲಿಟ್ಟಳು.

"ಊನದ್ದ ನಡಿತೈತೇನ ಈಗ?" ಎಂದ ಪರಪ್ಪ.

"ನಿನ್ನ ಹೊಲಾ ಉಳೂವಾಗ ಊನ ಕಾಣಲಿಲ್ಲೇನ ನಿನಗ?"

ಪರಪ್ಪನಿಗೆ ನಗು ಬಂತು. ಆಯಿ ಮೊಮ್ಮಗಳ ಕಡೆ ತಿರುಗಿದಳು. "ಹಿಂಗಾಲು ಮಾತ್ರ ಸಣ್ಣ ಆಗ್ಯಾವು ನೋಡ. ಶನಿವಾರ ಹ್ವಾದಾಗ ಮಾಸ್ತರ್ರಿಗೆ ಕೇಳ್ಕೊಂಡ ಬಾ."

ಕಾಶೆವ್ವ ಅಪ್ಪನನ್ನು ನೋಡಿದಳು. ಅವನು ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಹೊತ್ತ ಮುಳಗೂದ್ರಾಗ ಮನೀಗೆ ಬರಬೇಕ ಮತ್ತ," ಎಂದ.