ಏಳು ಗಂಟೆಯ ಸಿರಿಂಜು

"ಅಲ್ಲಿಡಿ, ನಾನೇ ಹಾಕ್ತೀನಿ," ಎಂದರು ಡಾಕ್ಟರು. ನರ್ಸು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಕಪ್ಪು ಕಾಗದ ಸುತ್ತಿದ ಒಂದೇ ಒಂದು ಸಿರಿಂಜು. ಬೆಳಕು ತಾಗಿದರೆ ಒಳಗಿನ ಬಣ್ಣ ಕೆಡುತ್ತದಂತೆ. ಅವಳು ಗಡಿಯಾರ ನೋಡಿ, ಚಾರ್ಟಿನಲ್ಲಿ ಬೆಳಿಗ್ಗೆ ಏಳು ಗಂಟೆ ಎಂದು ಬರೆದು ಪಕ್ಕದ ವಾರ್ಡಿಗೆ ಹೋದಳು. ಇಪ್ಪತ್ತೇಳು ವರ್ಷದಿಂದ ಇಲ್ಲಿ ಕತ್ತರಿ ಹಿಡಿದವರ ಮಾತನ್ನು ಯಾರು ತಾನೇ ಅನುಮಾನಿಸುತ್ತಾರೆ?

ಮಂಚದ ಮೇಲೆ ಕೂತಿದ್ದವಳು ಅವರ ಅಕ್ಕ. ಬಲಗಿವಿಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಗಂಟು ತೆಗೆಯುವುದು ದೊಡ್ಡ ಮಾತಲ್ಲ. ಆದರೆ ಮುಖದ ನರ ಕವಲೊಡೆದು ಅಲ್ಲೇ ಹಾದುಹೋಗುತ್ತದೆ, ಒಂದು ಕವಲು ಕತ್ತರಿಗೆ ಸಿಕ್ಕಿದರೂ ಬಾಯಿ ಒಂದು ಕಡೆ ಜೋತುಬೀಳುತ್ತದೆ. ಅಕ್ಕ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ಮಕ್ಕಳು ಅವಳ ತುಟಿ ನೋಡಿ ಮಾತು ಕಲಿಯುವವರು. ಸೊಟ್ಟ ಬಾಯಿ ಇಟ್ಟುಕೊಂಡು ಅವಳು ಮತ್ತೆ ಆ ತರಗತಿಗೆ ಹೋಗುವ ಹಾಗಿರಲಿಲ್ಲ.

ಇಂಥ ಗಂಟುಗಳಿಗೆಲ್ಲ ಒಂದು ಕಾಲದಲ್ಲಿ ಊರಿಗೇ ಇವರೇ ದಿಕ್ಕು. ಬೆರಳ ತುದಿ ಇಟ್ಟು ನರ ಎಲ್ಲಿದೆ ಎಂದು ಹೇಳಿಬಿಡುತ್ತಾರೆಂದು 'ಬೆರಳು ಡಾಕ್ಟರು' ಎಂದೇ ಹೆಸರಾಗಿತ್ತು. ಎರಡು ವರ್ಷದ ಹಿಂದೆ ಅವರ ಶಿಷ್ಯೆ ಎಲ್ಲಿಂದಲೋ ಈ ಬಣ್ಣವನ್ನೂ ಒಂದು ನೀಲಿ ದೀಪವನ್ನೂ ತಂದಳು. ಬಣ್ಣ ರಕ್ತಕ್ಕೆ ಸೇರಿದ ಮೊದಲಿಗೆ ಮಾಂಸವೂ ಹೊಳೆಯುತ್ತದೆ. ಮೂರು ಗಂಟೆಯಲ್ಲಿ ಅಲ್ಲಿಂದೆಲ್ಲ ತೊಳೆದುಹೋಗಿ ನರದಲ್ಲಿ ಮಾತ್ರ ಉಳಿಯುತ್ತದೆ. ಆಮೇಲೆ ಕೋಣೆ ಕತ್ತಲು ಮಾಡಿ ದೀಪ ಹಿಡಿದರೆ ಆಯಿತು, ನರ ಹಸಿರಾಗಿ ಬೆಳಗುತ್ತದೆ. ಬೆರಳೂ ಬೇಡ, ಇಪ್ಪತ್ತೇಳು ವರ್ಷವೂ ಬೇಡ. ಈಗ ಹೊರಗಿನ ಬೆಂಚಿನ ಮೇಲೆ ಕೂತವರೆಲ್ಲ ಕೇಳುವುದು, "ದೀಪದ ಡಾಕ್ಟರಮ್ಮ ಎಷ್ಟೊತ್ತಿಗೆ ಬರ್ತಾರೆ?" ಎಂದೇ. ಅದು ಕಿವಿಗೆ ಬಿದ್ದಾಗಲೆಲ್ಲ ಅವರ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆಕಿಚ್ಚೇ, ಬೇರೇನಲ್ಲ, ತಮಗೆ ತಾವು ಅದನ್ನು ಒಪ್ಪಿಕೊಂಡೂ ಆಗಿತ್ತು. ಆದರೆ ಒಡಹುಟ್ಟಿದ ಅಕ್ಕನೂ ಅವಳನ್ನೇ ಕೇಳಿಕೊಂಡು ಬಂದಿದ್ದು ಮಾತ್ರ ನುಂಗಲಾರದ ತುತ್ತಾಗಿತ್ತು.

"ಇನ್ನೂ ಮುಖ ಊದಿಸ್ಕೊಂಡೇ ಇದೀಯಲ್ಲೋ," ಎಂದು ಅಕ್ಕ ನಕ್ಕಳು. "ಗಂಟು ನಂಗೆ, ಊತ ನಿಂಗೆ!"

"ನಂಗೇನೂ ಇಲ್ಲ."

"ನಿಂಗೆ ನಾನು ಅಕ್ಕ ಕಣೋ. ಅವಳಿಗಾದ್ರೆ ಬರೀ ಒಂದು ಕೆನ್ನೆ. ಅದಕ್ಕೇ ಅವಳು ಮಾಡ್ಲಿ, ನೀನು ಪಕ್ಕದಲ್ಲಿರು ಅಂದಿದ್ದು. ಸರಿ, ಅದೇನೋ ಚುಚ್ಚಬೇಕಲ್ಲ, ಚುಚ್ಚಿಬಿಡು."

"ಇರಕ್ಕ, ಅವಸರ ಏನಿದೆ?"

ಅವಸರ ಇತ್ತು. ಹತ್ತು ಗಂಟೆಗೆ ದೀಪ ಹಚ್ಚುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆಗಲೇ ನೋಡಿದ್ದ ಬಿ.ಪಿ.ಯನ್ನು ಇನ್ನೊಮ್ಮೆ ನೋಡಿದರು. ಶಾಲೆಯ ಹೊಸ ಹೆಡ್‌ಮಾಸ್ಟರ ಸುದ್ದಿ ತೆಗೆದರು. ಅಕ್ಕನಿಗೆ ಅಷ್ಟೇ ಸಾಕು, ಹೆಡ್‌ಮಾಸ್ಟರ ಗೊಣಗಾಟವನ್ನು ಕೈಬಾಯಿ ತಿರುಗಿಸಿ ಆಡಿ ತೋರಿಸತೊಡಗಿದಳು. ಅವರು ನಗುತ್ತಾ ಗಡಿಯಾರ ನೋಡುತ್ತಿದ್ದರು. ಒಂದೇ ಒಂದು ಸಲ, ಎಲ್ಲರೆದುರಿಗೆ, ಆ ದೀಪ ಕೈಕೊಡಲಿ. ಅವಳು ತಿರುಗಿ "ಸರ್, ನೀವೇ ಬನ್ನಿ" ಅನ್ನಲಿ. ಅಷ್ಟೇ ಬೇಕಾಗಿದ್ದದ್ದು. ಏಳೂ ಮುಕ್ಕಾಲಿಗೆ ಕಾಗದ ಬಿಚ್ಚಿ ಬಣ್ಣವನ್ನು ಅಕ್ಕನ ರಕ್ತನಾಳಕ್ಕೆ ಏರಿಸಿದರು.

"ಇಷ್ಟೇನಾ?" ಎಂದಳು ಅಕ್ಕ.

ಹತ್ತು ಗಂಟೆಗೆ ಆಪರೇಷನ್ ಕೋಣೆಯಲ್ಲಿ ಶಿಷ್ಯೆ ಅಕ್ಕನ ಕೆನ್ನೆಯ ಚರ್ಮ ಬಿಡಿಸಿ, ಕೋಣೆಯ ದೀಪಗಳನ್ನು ಆರಿಸಲು ಹೇಳಿದಳು. ನೀಲಿ ಬೆಳಕು ಬಿತ್ತು. ಕೊಬ್ಬು, ಮಾಂಸ, ಗಂಟು, ಒಂದೂ ಬಿಡದೆ ಎಲ್ಲ ಹಸಿರು.

"ಬಣ್ಣ ಇನ್ನೂ ಇಳಿದೇ ಇಲ್ಲ," ಎಂದಳು ಅವಳು. "ಎಷ್ಟು ಗಂಟೆಗೆ ಹಾಕಿದ್ದು?"

ನರ್ಸು ಚಾರ್ಟು ನೋಡಿದಳು. "ಏಳಕ್ಕೆ, ಮೇಡಂ."

"ಹಾಗಾದ್ರೆ ಇವರ ಮೈಗೆ ಈ ಬಣ್ಣ ಆಗಿಬರ್ಲಿಲ್ಲ ಅನ್ಸುತ್ತೆ. ಕೋಣೆಯ ದೀಪ ಹಾಕಿ." ಅವಳು ಹಿಂದೆಮುಂದೆ ನೋಡದೆ ಪಕ್ಕಕ್ಕೆ ಸರಿದಳು. "ಸರ್, ನೀವೇ ಬನ್ನಿ. ಸದ್ಯ, ನೀವಿದ್ದೀರಲ್ಲ."

ಅಂದುಕೊಂಡಂತೆಯೇ ಆಗಿತ್ತು. ಅವರು ಮುಂದೆ ಬಂದು, ಗಂಟಿನ ಅಂಚಿನಲ್ಲಿ ಎಡಗೈ ತೋರುಬೆರಳು ಇಟ್ಟರು. ಬೆರಳ ತುದಿಗೆ ಏನೂ ಸಿಗಲಿಲ್ಲ. "ಇಲ್ಲಿ ಖಾಲಿ ಇದೆ. ಇಲ್ಲಿಂದ ಬಿಡಿಸಬಹುದು," ಎಂದು ಕತ್ತರಿ ತೆಗೆದುಕೊಂಡರು. ಆಗ ಅವರ ಕಣ್ಣು ಅಕ್ಕನ ಬಾಯಿಯ ಮೇಲೆ ಹೋಯಿತು. ಉಸಿರಿನ ಕೊಳವೆಯನ್ನು ಪಟ್ಟಿ ಹಾಕಿ ಅಂಟಿಸಿದ್ದರಿಂದ ತುಟಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಇಂಥ ಸಾವಿರ ಬಾಯಿಗಳನ್ನು ಅವರು ನೋಡಿದ್ದರು. ಕತ್ತರಿ ಹಿಡಿದ ಕೈ ಹಾಗೇ ನಿಂತಿತು.

"ಏಳಕ್ಕೆ ಹಾಕಿಲ್ಲ," ಎಂದರು. "ಏಳೂ ಮುಕ್ಕಾಲಿಗೆ ಹಾಕಿದ್ದು."

"ಯಾಕೆ ಸರ್?"

"ತಡ ಮಾಡಿದೆ. ಬೇಕಂತಲೇ."

ಅರಿವಳಿಕೆಯ ಡಾಕ್ಟರು ತಮ್ಮ ಯಂತ್ರದಲ್ಲಿ ನೋಡಬೇಕಾದ್ದು ಏನೋ ಇದೆ ಎಂಬಂತೆ ಅತ್ತ ತಿರುಗಿದರು. ಮಾಸ್ಕಿನ ಮೇಲೆ ಶಿಷ್ಯೆಯ ಕಣ್ಣುಗಳು ಅವರನ್ನೇ ನೋಡಿದವು. ಅವರು ತಲೆ ತಗ್ಗಿಸಿದರು.

"ಕಾಯೋಣ," ಎಂದಳು ಅವಳು. "ನೀವು ಬೆರಳು ತೆಗೀಬೇಡಿ. ಆ ಅಂಚು ಹಿಡ್ಕೊಂಡಿರಿ."

ಗಾಯದ ಮೇಲೆ ಒದ್ದೆ ಬಟ್ಟೆ ಹಾಸಿದರು. ಹತ್ತು ನಿಮಿಷಕ್ಕೊಮ್ಮೆ ಅವಳು ಬಟ್ಟೆ ಎತ್ತಿ, ಕೋಣೆಯ ದೀಪ ಆರಿಸಿ, ನೀಲಿ ಬೆಳಕಿನಲ್ಲಿ ನೋಡುತ್ತಿದ್ದಳು. ಕೆಲಸವಿಲ್ಲದ ಕೈಗಳನ್ನು ಎದೆಗೆ ಕಟ್ಟಿಕೊಂಡು ಉಳಿದವರೆಲ್ಲ ನಿಂತಿದ್ದರು. ಅಷ್ಟು ಉದ್ದದ ಮುಕ್ಕಾಲು ಗಂಟೆಯನ್ನು ಬೆರಳು ಡಾಕ್ಟರು ತಮ್ಮ ಜೀವಮಾನದಲ್ಲೇ ಕಂಡಿರಲಿಲ್ಲ. ಮೊದಲು ಕೊಬ್ಬು ಕಪ್ಪಾಯಿತು, ಆಮೇಲೆ ಮಾಂಸ. ಕೊನೆಗೆ ಕತ್ತಲಲ್ಲಿ ದಾರದಷ್ಟು ದಪ್ಪದ ಒಂದು ಹಸಿರು ಗೆರೆ ಉಳಿಯಿತು. ಅದರಿಂದ ಒಡೆದ ಕೂದಲೆಳೆಯಷ್ಟು ಸಣ್ಣ ಕವಲೊಂದು ನೇರ ಅವರ ಬೆರಳಿನಡಿಗೆ ಬಂದು, ಖಾಲಿ ಎಂದು ಅವರು ತೋರಿಸಿದ ಜಾಗವನ್ನು ದಾಟಿ, ಬಾಯಿಯ ಕಡೆಗೆ ಹೋಗಿತ್ತು.

ಅವಳೂ ನೋಡಿದಳು. ಒಂದು ಮಾತು ಅಂದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕತ್ತರಿ ಕೊಡಿ ಸರ್," ಎಂದು ಕೈ ಚಾಚಿದಳು. "ನೀವು ದೀಪ ಹಿಡ್ಕೊಳ್ಳಿ."

ಅವರು ಹಿಡಿದುಕೊಂಡರು. ಅವಳ ಕೈ ಚೆನ್ನಾಗಿತ್ತು, ತಾವು ತಿದ್ದಿ ತೀಡಿದ ಕೈ. ಹೊಟ್ಟೆಯ ಉರಿ ಇನ್ನೂ ಆರಿರಲಿಲ್ಲ. ಹಸಿರು ಗೆರೆಯ ಪಕ್ಕದಲ್ಲಿ ಅವಳ ಕತ್ತರಿ ಒಂದೊಂದೇ ಹೆಜ್ಜೆ ಇಡುತ್ತಾ ಹೊರಟಿತು. ಅದು ಹೋದಷ್ಟು ದೂರ ಅವರು ಬೆಳಕನ್ನು ಅದರ ಮುಂದೆ ಮುಂದೆ ಸರಿಸುತ್ತಾ ಹೋದರು.