ಮೂರು ಖರ್ಜೂರದ ಜತೆ ಒಂದು ಮಾತ್ರೆ

"ಆ ಸೂಜಿ ಸಹವಾಸ ಸಾಕು, ಮಕ್. ಇನ್ಮೇಲೆ ದಿನಾ ನಾನೇ ಎದುರು ಕೂತು, ಅನ್ನ ಉಣ್ಣಿಸಿ, ಮಾತ್ರೆ ಕೊಡ್ತೀನಿ." ಐದು ವರ್ಷದ ಹಿಂದೆ, ಮಲೇಷ್ಯಾದ ಕೋತಾ ಭಾರುವಿನ ಆಸ್ಪತ್ರೆಯಲ್ಲಿ, ಅಮ್ಮನಿಗೆ ನಾನು ಕೊಟ್ಟ ಮಾತು ಇದು.

ಸೊಂಟದ ಆಪರೇಷನ್ ಆದಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಅವಳ ಹೊಟ್ಟೆಗೆ ಹೆಪಾರಿನ್ ಚುಚ್ಚಿದ್ದರು. ಅದು ಅವಳ ಮೈಗೆ ಆಗಲಿಲ್ಲ. ತಡೆಯಬೇಕಾದ ಔಷಧಿಯೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿಸಿತು. ಎರಡು ಕಾಲ್ಬೆರಳು ಹೋದವು. ಕೊನೆಗೆ ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟರು, ದಿನಕ್ಕೊಂದು, ಬದುಕಿರುವಷ್ಟು ದಿನ. ಔಷಧಿ ಕೊಡುವ ಹೆಂಗಸು ಎರಡು ಸಲ ಹೇಳಿದಳು: "ಹೊಟ್ಟೆ ತುಂಬ ಊಟದ ಜತೆ ಕೊಡಿ. ಬರಿ ಹೊಟ್ಟೇಲಿ ನುಂಗಿದ್ರೆ ಪೂರ್ತಿ ಮೈಗೆ ಹತ್ತಲ್ಲ."

ನಾಲ್ಕು ರಂಜಾನ್ ಕೊಟ್ಟ ಮಾತಿನಂತೆಯೇ ನಡೆದೆ. ಐದನೆಯದಕ್ಕೆ, ಸಂಜೆ ಉಪವಾಸ ಬಿಡುವವರಿಗೆ ತಿಂಡಿ ಮಾರುವ ರಂಜಾನ್ ಸಂತೆಯಲ್ಲಿ ನನಗೊಂದು ಜಾಗ ಸಿಕ್ಕಿತು. ನಾನು ಮಾರುವುದು ಅಕೊಕ್. ಬಾತುಕೋಳಿ ಮೊಟ್ಟೆ, ತಾಳೆಬೆಲ್ಲದ ಆ ಸಿಹಿಗೆ ಮೇಲೂ ಕೆಳಗೂ ಕೆಂಡ ಬೇಕು, ಬಿಟ್ಟು ಏಳುವಂತಿಲ್ಲ. ಕೆಂಡ ಆರಿಸಿ, ಪಾತ್ರೆ ತೊಳೆದು ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ಇಬ್ಬರು ಮಕ್ಕಳ ಶಾಲೆ ಆ ಒಂದು ತಿಂಗಳ ದುಡಿಮೆಯ ಮೇಲೆ ನಿಂತಿತ್ತು.

"ಉಪವಾಸ ಬಿಡುವಾಗಲೇ ಮಾತ್ರೆ ತಗೊಂಡುಬಿಡು, ಮಕ್. ಅನ್ನ, ಮೀನಿನ ಸಾರು ಮುಚ್ಚಿಟ್ಟಿರ್ತೀನಿ," ಎಂದೆ.

"ನಾನೇನು ಹಾಲು ಕುಡಿಯೋ ಕೂಸಾ? ನೀನು ಕೆಂಡ ನೋಡ್ಕೋ, ಪಿಯಾ. ಹೋದ ಸಲ ಮನೇಲಿ ಮಾಡಿದಾಗ ತಳ ಹತ್ತಿಸಿದ್ದೆ."

ಸಂಜೆ ಮಸೀದಿಯಲ್ಲಿ ಬಾಂಗ್ ಆದ ಕೂಡಲೇ ದಿನಾ ಫೋನ್ ಮಾಡುತ್ತಿದ್ದೆ, ಒಂದು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ.

"ಮಾತ್ರೆ?"

"ನುಂಗಿದೆ."

ಅಷ್ಟೇ. ಅನ್ನದ ವಿಷಯ ಒಂದು ದಿನವೂ ಕೇಳಲಿಲ್ಲ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅಮ್ಮನ ಕಾಲು ಊದಿತು. ಮಧ್ಯಾಹ್ನಕ್ಕೆ ಉಸಿರು ಸಿಗದಾಯಿತು, ಆಸ್ಪತ್ರೆಗೆ ಕರೆದೊಯ್ದೆ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಎಂದ ಡಾಕ್ಟರು, "ಮಾತ್ರೆ ತಪ್ಪಿತ್ತಾ?" ಎಂದು ಕೇಳಿದರು.

"ಒಂದು ದಿನವೂ ಇಲ್ಲ," ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ.

"ದಿನಾ ತಗೊಂಡಿದೀನಿ. ಮೂರು ಖರ್ಜೂರದ ಜತೆ," ಎಂದಳು ಅಮ್ಮ.

"ಊಟ?"

"ಹೊಟ್ಟೆ ಭಾರ ಇದ್ರೆ ರಾತ್ರಿ ತರಾವೀಹ್ ನಮಾಜಿಗೆ ಅಷ್ಟು ಹೊತ್ತು ಕೂರೋಕಾಗಲ್ಲ, ಡಾಕ್ಟ್ರೇ. ಮಸೀದಿಯಲ್ಲೇ ಆಮೇಲೆ ಒಂದು ಬಟ್ಟಲು ಗಂಜಿ ಕುಡೀತಿದ್ದೆ."

"ಮುಚ್ಚಿಟ್ಟ ಅನ್ನ ಏನಾಯ್ತು, ಮಕ್?" ಎಂದೆ.

"ಪಕ್ಕದ ಮನೆ ಕೋಳಿಗಳು ದುಂಡಗಾಗಿವೆ. ನೋಡಿಲ್ವಾ ನೀನು?"

ನಾನು ನೋಡಿರಲಿಲ್ಲ.

"ಇದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲಮ್ಮ," ಎಂದು ಡಾಕ್ಟರು ನನ್ನ ಮುಖ ನೋಡದೆ ಬರೆದುಕೊಂಡರು. ಅಮ್ಮ ನನ್ನ ಮಣಿಕಟ್ಟಿನ ಸುಟ್ಟ ಗಾಯ ಸವರಿದಳು. "ಅಳಬೇಡ. ನೀನು ಊರಿಗೆಲ್ಲ ಉಪವಾಸ ಬಿಡಿಸ್ತಿದ್ದೆ. ಅದೂ ಪುಣ್ಯಾನೇ."

ಮರುದಿನ, ಸಂತೆಯಲ್ಲಿ ಕೆಂಡ ಹೊತ್ತಿಸುವ ಹೊತ್ತಿಗೆ, ಅಮ್ಮ ತೀರಿಕೊಂಡಳು.

ಎದುರು ಕೂತು ಉಣ್ಣಿಸಿ ಮಾತ್ರೆ ಕೊಡುತ್ತೇನೆ ಎಂದಿದ್ದೆ. ಹದಿನೆಂಟು ಸಂಜೆ ಕೊಡಲಿಲ್ಲ.